ಲೈಪೇಸ್ ನಾರ್ಮಲ್ ಇದೆ ಅಂತ ಫೈಲ್ ಮುಚ್ಚಬೇಡಿ: ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇರುವವರಿಗೆ ಪರೀಕ್ಷೆಗಳ ಮಾರ್ಗದರ್ಶಿ

ಅಣ್ಣನ ಆಸ್ಪತ್ರೆ ಫೈಲ್ ನನ್ನ ಕೈಗೆ ಬಂದು ಆರು ವರ್ಷ ಆಯಿತು. ಅವನಿಗೆ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್. ಮೇದೋಜೀರಕ ಗ್ರಂಥಿಯ ಉರಿಯೂತ ಅಂತ ಕನ್ನಡದಲ್ಲಿ ಹೇಳುತ್ತಾರೆ. ಮನೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಪ್ಯಾಂಕ್ರಿಯಾಸ್ ಅಂತಲೇ. ಮೊದಲ ಎರಡು ವರ್ಷ ನಾವು ರಿಪೋರ್ಟಿನಲ್ಲಿ ನೋಡುತ್ತಿದ್ದದ್ದು ಎರಡೇ ಸಾಲು, ಪ್ಯಾಂಕ್ರಿಯಾಸ್ ಮಾಡುವ ಅಮೈಲೇಸ್ ಮತ್ತು ಲೈಪೇಸ್ ಅನ್ನುವ ಜೀರ್ಣದ ಕಿಣ್ವಗಳು. ಎರಡೂ ಪ್ರತಿ ಸಲ ನಾರ್ಮಲ್. 'ನೋಡೋ, ಎಲ್ಲ ಸರಿ ಇದೆ' ಅಂತ ಅಣ್ಣ ಫೈಲ್ ಮುಚ್ಚಿಡುತ್ತಿದ್ದ. ಬೆಲ್ಟಿಗೆ ಮಾತ್ರ ಹೊಸ ತೂತು ಕೊರೆಯುತ್ತಿದ್ದ. ಒಂದು, ಆಮೇಲೆ ಇನ್ನೊಂದು.

ಬೆಲ್ಟ್ ಹೇಳುತ್ತಿದ್ದದ್ದೇ ನಿಜವಾಗಿತ್ತು. ಅಮೈಲೇಸ್, ಲೈಪೇಸ್ ರಕ್ತದಲ್ಲಿ ಏರುವುದು ಗ್ರಂಥಿಯ ಜೀವಕೋಶಗಳಿಗೆ ದಿಢೀರನೆ ಪೆಟ್ಟು ಬಿದ್ದು ಒಳಗಿದ್ದದ್ದು ಸೋರಿದಾಗ. ಹಠಾತ್ ಉರಿಯೂತದಲ್ಲಿ ನಾರ್ಮಲ್ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ ಹೋಗುತ್ತದೆ. ಆದರೆ ವರ್ಷಗಟ್ಟಲೆ ಸುಟ್ಟು, ಗಾಯ ಮಾಗಿ ಗಟ್ಟಿಯಾದ ಗ್ರಂಥಿಯಲ್ಲಿ ಸೋರಲು ಉಳಿದಿರುವುದೇ ಕಮ್ಮಿ. ಖಾಲಿ ಟ್ಯಾಂಕ್ ಸೋರುವುದಿಲ್ಲ ಅಲ್ವಾ? ಅದಕ್ಕೇ ಲೈಪೇಸ್ ನಾರ್ಮಲ್ ಬಂದರೆ 'ಈಗ ಹೊಸ ಬೆಂಕಿ ಇಲ್ಲದಿರಬಹುದು' ಅಂತ ಮಾತ್ರ ಅರ್ಥ. ಹಳೆಯ ಬೆಂಕಿ ಎಷ್ಟು ಸುಟ್ಟಿದೆ ಅನ್ನುವುದನ್ನು ಅದು ಹೇಳುವುದೇ ಇಲ್ಲ.

ಅದನ್ನು ಹೇಳುವ ಪರೀಕ್ಷೆಗಳು ಬೇರೆ ಇವೆ. ನಾನು ಡಾಕ್ಟರ್ ಅಲ್ಲ. ಔಷಧದ ಪ್ರಮಾಣ, ಚಿಕಿತ್ಸೆ ಇವೆಲ್ಲ ನಿಮ್ಮ ಡಾಕ್ಟರಿಗೆ ಬಿಟ್ಟದ್ದು. ಆದರೆ ಯಾವ ಪರೀಕ್ಷೆ ಯಾವ ತೊಂದರೆಯನ್ನು ಹುಡುಕುತ್ತದೆ, ಅದು ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನುವುದು ಗೊತ್ತಿದ್ದರೆ ಡಾಕ್ಟರ್ ಎದುರು ಕೂತ ಹತ್ತು ನಿಮಿಷ ದಂಡವಾಗುವುದಿಲ್ಲ.

ಹಂತ 1: ಪರೀಕ್ಷೆಗೆ ಮೊದಲು ಪ್ರಶ್ನೆ ಬರೆಯಿರಿ

ಪ್ಯಾಂಕ್ರಿಯಾಸಿಗೆ ಎರಡು ಕೆಲಸ. ಒಂದು, ಊಟ ಜೀರ್ಣಿಸುವ ಕಿಣ್ವಗಳನ್ನು ಕರುಳಿಗೆ ಕಳಿಸುವುದು. ಗ್ರಂಥಿಯ ಬಹುಪಾಲು ಇರುವುದೇ ಇದಕ್ಕೆ. ಎರಡು, ಇನ್ಸುಲಿನ್, ಗ್ಲುಕಗಾನ್ ಥರದ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು. ಇದನ್ನು ಮಾಡುವ ಜೀವಕೋಶಗಳ ಗುಂಪುಗಳು ಇಡೀ ಗ್ರಂಥಿಯ ಒಂದೆರಡು ಶೇಕಡಾ ಮಾತ್ರ. ಕಾಯಿಲೆ ಹಳೆಯದಾದಂತೆ ಎರಡೂ ಕೆಡುತ್ತವೆ. ಮೊದಲು ಯಾವುದು, ಎಷ್ಟು ಬೇಗ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ನಾಲ್ಕು ಪ್ರಶ್ನೆ ಬರೆಯಿರಿ. ತಿಂದದ್ದು ಜೀರ್ಣ ಆಗುತ್ತಿದೆಯಾ? ಸಕ್ಕರೆ ಏರುತ್ತಿದೆಯಾ? ಮೈಯಲ್ಲಿ ಪೋಷಕಾಂಶ, ಮೂಳೆಯಲ್ಲಿ ಬಲ ಉಳಿದಿದೆಯಾ? ಎಲ್ಲಾದರೂ ಅಡ್ಡಿ, ನೀರುಗುಳ್ಳೆ ಅಥವಾ ಕ್ಯಾನ್ಸರಿನ ಸುಳಿವು ಇದೆಯಾ? ಮುಂದೆ ಬರುವ ಪ್ರತಿ ಪರೀಕ್ಷೆಯೂ ಇವುಗಳಲ್ಲಿ ಒಂದಕ್ಕೆ ಉತ್ತರ. ಯಾವ ಪ್ರಶ್ನೆಗೂ ಉತ್ತರ ಕೊಡದ ಪರೀಕ್ಷೆಗೆ ಸುಮ್ನೆ ರಕ್ತ ಕೊಟ್ಟು ಬರಬೇಡಿ.

ಹಂತ 2: ಮಲದ ಎಲಾಸ್ಟೇಸ್ ಪರೀಕ್ಷೆ ಸರಿಯಾಗಿ ಮಾಡಿಸಿ

ಜೀರ್ಣದ ಪ್ರಶ್ನೆಗೆ ಸುಲಭದ ಪರೀಕ್ಷೆ ಮಲದ ಎಲಾಸ್ಟೇಸ್-1. ಪ್ಯಾಂಕ್ರಿಯಾಸ್ ಮಾಡುವ ಈ ಕಿಣ್ವ ಕರುಳಿನ ಉದ್ದಕ್ಕೂ ಹೆಚ್ಚು ಕಮ್ಮಿ ಹಾಗೇ ಉಳಿದು ಮಲದಲ್ಲಿ ಬರುತ್ತದೆ. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಜಾಸ್ತಿ ಇದ್ದರೆ ಸಾಮಾನ್ಯ. 100ಕ್ಕಿಂತ ಕಮ್ಮಿ ಇದ್ದರೆ ಕಿಣ್ವದ ಕೊರತೆ ಇರುವ ಸಾಧ್ಯತೆ ಬಲವಾಗಿದೆ. ನಡುವಿನದ್ದು ಅನುಮಾನದ ಜಾಗ. ಅಲ್ಲಿ ಲಕ್ಷಣ, ತೂಕ, ಸ್ಕ್ಯಾನ್ ಎಲ್ಲ ಸೇರಿಸಿ ನೋಡಬೇಕು.

ಇಲ್ಲಿ ನಮಗೆ ಆದ ಫಜೀತಿ ಹೇಳುತ್ತೇನೆ. ಅಣ್ಣನಿಗೆ ಹೊಟ್ಟೆ ಕೆಟ್ಟು ಬೇಧಿ ಆಗುತ್ತಿದ್ದ ವಾರವೇ ಡಬ್ಬಿ ತುಂಬಿ ಕೊಟ್ಟೆವು. ಉತ್ತರ 60ರ ಆಸುಪಾಸು ಬಂತು. ಮನೆಯಲ್ಲಿ ಎಲ್ಲರೂ ಗಾಬರಿ. ಡಾಕ್ಟರ್ ರಿಪೋರ್ಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: 'ಮಲ ನೀರಾಗಿತ್ತಾ?' ನೀರು ಜಾಸ್ತಿ ಇದ್ದರೆ ಕಿಣ್ವ ತೆಳುವಾಗಿ, ಸರಿಯಿರುವ ಗ್ರಂಥಿಯೂ ಕೆಟ್ಟಂತೆ ಕಾಣುತ್ತದೆ. ಹೊಟ್ಟೆ ಸರಿಯಾದ ಮೇಲೆ ಮತ್ತೆ ಕೊಟ್ಟೆವು. ಆಗ 140 ಬಂತು. ಕೊರತೆಯ ಅನುಮಾನ ಉಳಿದದ್ದು ಹೌದು, ಆದರೆ ನಾವು ಹೆದರಿದಷ್ಟು ಅಲ್ಲ. ಆ ಡಬ್ಬಿ ತೆಗೆದುಕೊಂಡ ಕಡೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅದಕ್ಕೇ ನೀವೇ ನೆನಪಿಟ್ಟುಕೊಳ್ಳಿ: ಗಟ್ಟಿಯಾದ ಅಥವಾ ಅರೆಗಟ್ಟಿಯಾದ ಮಲವನ್ನೇ ಕೊಡಿ. ಮೂತ್ರ, ಟಾಯ್ಲೆಟ್ ನೀರು ಬೆರೆಯಬಾರದು. ಸಣ್ಣ ಚಮಚದಷ್ಟು ಸಾಕು, ಡಬ್ಬಿ ತುಂಬಬೇಕಿಲ್ಲ. ತಕ್ಷಣ ಕೊಡಲು ಆಗದಿದ್ದರೆ ಫ್ರಿಜ್ಜಿನಲ್ಲಿ ಇಡಬಹುದಾ ಅಂತ ಲ್ಯಾಬಿನವರನ್ನೇ ಕೇಳಿ.

ಕಿಣ್ವದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಪರೀಕ್ಷೆಗೆ ಅದನ್ನು ನಿಲ್ಲಿಸಬೇಕಾ? ಸಾಮಾನ್ಯವಾಗಿ ಬೇಡ. ಮಾತ್ರೆಯಲ್ಲಿರುವುದು ಹಂದಿಯ ಪ್ಯಾಂಕ್ರಿಯಾಸಿನಿಂದ ಬಂದ ಕಿಣ್ವ. ಮೊನೊಕ್ಲೋನಲ್ ವಿಧಾನದ ಪರೀಕ್ಷೆ ಮನುಷ್ಯರ ಎಲಾಸ್ಟೇಸನ್ನು ಮಾತ್ರ ಗುರುತಿಸುತ್ತದೆ. ನಿಮ್ಮ ಲ್ಯಾಬ್ ಯಾವ ವಿಧಾನ ಬಳಸುತ್ತದೆ ಅಂತ ಒಂದು ಮಾತು ಕೇಳಿದರೆ ಸಾಕು. ಇದರ ಇನ್ನೊಂದು ಮುಖವನ್ನೂ ನೋಡಿ. ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಈ ಪರೀಕ್ಷೆಯನ್ನು ಪದೇ ಪದೇ ಮಾಡಿಸಿ ಪ್ರಯೋಜನವಿಲ್ಲ. ಮಾತ್ರೆ ತಿಂದದ್ದಕ್ಕೆ ನಿಮ್ಮ ಸ್ವಂತ ಎಲಾಸ್ಟೇಸ್ ಏರುವುದಿಲ್ಲವಲ್ಲ.

ಎಲಾಸ್ಟೇಸ್ 200 ದಾಟಿದೆ, ಆದರೂ ಅನುಮಾನ ಹೋಗುತ್ತಿಲ್ಲ ಅಂದರೆ? ಕೊರತೆ ಸಣ್ಣದಿದ್ದಾಗ ಈ ಪರೀಕ್ಷೆ ಕೈ ಕೊಡುತ್ತದೆ. ಹಳೆಯ, ಖಚಿತವಾದ ದಾರಿ ಅಂದರೆ ದಿನಕ್ಕೆ 100 ಗ್ರಾಂ ಕೊಬ್ಬು ತಿಂದು, ಮೂರು ದಿನದ ಮಲವನ್ನೆಲ್ಲ ಕೂಡಿಸಿ ಕೊಡುವುದು. ದಿನಕ್ಕೆ 7 ಗ್ರಾಂಗಿಂತ ಜಾಸ್ತಿ ಕೊಬ್ಬು ಹೊರಗೆ ಹೋಗುತ್ತಿದ್ದರೆ ಕೊಬ್ಬು ಜೀರ್ಣವಾಗುತ್ತಿಲ್ಲ ಅಂತ ಲೆಕ್ಕ. ಯಾರಿಗೂ ಇಷ್ಟವಿಲ್ಲದ ಪರೀಕ್ಷೆ ಇದು, ಮಾಡಿಸಿಕೊಳ್ಳುವವರಿಗೂ ಮಾಡುವವರಿಗೂ. ಗುರುತು ಹಾಕಿದ ಕಾರ್ಬನ್-13 ಕೊಬ್ಬು ತಿನ್ನಿಸಿ ಉಸಿರು ಅಳೆಯುವ ಪರೀಕ್ಷೆ ಕೆಲವು ಕಡೆ ಇದೆ. ಅದು ಸಿಕ್ಕರೆ ಮಾತ್ರೆಯ ಪರಿಣಾಮವನ್ನೂ ನೋಡಬಹುದು.

ಟಾಯ್ಲೆಟ್ಟಿನಲ್ಲಿ ಎಣ್ಣೆ ತೇಲುವುದು ಕಾಣುವವರೆಗೆ ಮಾತ್ರ ಕಾಯಬೇಡಿ. ಕೊಬ್ಬು ಕಣ್ಣಿಗೆ ಕಾಣುವಷ್ಟು ಹೊರಗೆ ಹೋಗಬೇಕಾದರೆ ಲೈಪೇಸ್ ಉತ್ಪಾದನೆ ಸುಮಾರು 90 ಶೇಕಡಾ ಬಿದ್ದಿರಬೇಕು. ಇದು 1973ರಿಂದಲೇ ಗೊತ್ತಿರುವ ಮಾತು. ಎಣ್ಣೆ ತಿಂಡಿ ಬಿಟ್ಟವರಲ್ಲಂತೂ ಅದೂ ಕಾಣುವುದಿಲ್ಲ. ಅಣ್ಣ ಮಾಡಿದ್ದೂ ಅದೇ. ಹೊಟ್ಟೆ ಉಬ್ಬರಿಸುತ್ತದೆ ಅಂತ ಜಿಡ್ಡು ಬಿಟ್ಟ, ಮಲ ಚೆನ್ನಾಗಾಯಿತು, ತೂಕ ಇಳಿಯುತ್ತಲೇ ಹೋಯಿತು.

ಹಂತ 3: ಸಕ್ಕರೆಯನ್ನು ವರ್ಷಕ್ಕೊಮ್ಮೆಯಾದರೂ, ಎರಡು ದಾರಿಯಿಂದ ನೋಡಿ

ಸಕ್ಕರೆ ಕಾಯಿಲೆ ಇನ್ನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ, ಎರಡನ್ನೂ ಮಾಡಿಸಬೇಕು. ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ, ಎಚ್‌ಬಿಎ1ಸಿ 6.5 ಶೇಕಡಾ ಅಥವಾ ಜಾಸ್ತಿ ಇದ್ದರೆ ಅದು ಡಯಾಬಿಟಿಸ್ ಮಟ್ಟ. ಲಕ್ಷಣಗಳಿಲ್ಲದಿದ್ದರೆ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ. 100ರಿಂದ 125, 5.7ರಿಂದ 6.4 ಇವು ಅಂಚಿನ ಸಂಖ್ಯೆಗಳು. ಅಂಚಿನಲ್ಲಿದ್ದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಕೇಳಿ. ಆಗ 200 ಅಥವಾ ಜಾಸ್ತಿ ಬಂದರೆ ಡಯಾಬಿಟಿಸ್.

ಎರಡು ಯಾಕೆ? ಎಚ್‌ಬಿಎ1ಸಿ ಒಂದನ್ನೇ ನಂಬುವ ಹಾಗಿಲ್ಲ. ಅದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಲೆಕ್ಕ. ಕಬ್ಬಿಣದ ಕೊರತೆ ಇದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ರಕ್ತಸ್ರಾವ ಆಗಿದ್ದರೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಕಮ್ಮಿ ತೋರಿಸಬಹುದು. ಈ ಕಾಯಿಲೆಯವರಲ್ಲಿ ರಕ್ತಹೀನತೆ ಅಪರೂಪವಲ್ಲ. ಅದಕ್ಕೆ ಹಿಮೋಗ್ಲೋಬಿನ್ ಸಂಖ್ಯೆಯನ್ನು ಎಚ್‌ಬಿಎ1ಸಿ ಪಕ್ಕದಲ್ಲೇ ಬರೆದಿಡುವುದು ನನ್ನ ಅಭ್ಯಾಸ.

ಪ್ಯಾಂಕ್ರಿಯಾಸ್ ಕೆಟ್ಟದ್ದರಿಂದ ಬರುವ ಸಕ್ಕರೆ ಕಾಯಿಲೆಗೆ ಟೈಪ್ 3ಸಿ ಅನ್ನುತ್ತಾರೆ. ಎಷ್ಟೋ ಫೈಲುಗಳಲ್ಲಿ ಇದು ಟೈಪ್ 2 ಅಂತಲೇ ಬರೆದಿರುತ್ತದೆ. ಹೆಸರಲ್ಲೇನಿದೆ ಅನ್ನಬೇಡಿ. ಟೈಪ್ 3ಸಿಯಲ್ಲಿ ಇನ್ಸುಲಿನ್ ಜೊತೆ ಗ್ಲುಕಗಾನ್ ಕೂಡ ಕಮ್ಮಿಯಾಗಿರುತ್ತದೆ. ಸಕ್ಕರೆ ಇಳಿದಾಗ ಮತ್ತೆ ಮೇಲೆತ್ತಬೇಕಾದ ಹಾರ್ಮೋನೇ ಅದು. ಹಾಗಾಗಿ ಇನ್ಸುಲಿನ್ ಸ್ವಲ್ಪ ಜಾಸ್ತಿಯಾದರೂ ಸಕ್ಕರೆ ಧಡಕ್ಕನೆ ಇಳಿದು ತಲೆ ಸುತ್ತುತ್ತದೆ, ಬೆವರುತ್ತದೆ. ಊಟ ಜೀರ್ಣವಾಗದೇ ಇದ್ದರೆ ಇನ್ನೂ ಕಷ್ಟ. ತಿಂದದ್ದಕ್ಕೆ ಲೆಕ್ಕ ಹಾಕಿ ಇನ್ಸುಲಿನ್ ಚುಚ್ಚಿರುತ್ತೀರಿ, ತಿಂದದ್ದು ರಕ್ತಕ್ಕೆ ಹೋಗಿಯೇ ಇರುವುದಿಲ್ಲ.

ಯಾವ ಟೈಪ್ ಅಂತ ಬಿಡಿಸಲು ಕೆಲವು ಪರೀಕ್ಷೆಗಳಿವೆ. ಸಿ-ಪೆಪ್ಟೈಡ್ ನಿಮ್ಮ ಮೈ ಸ್ವಂತವಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ಹೇಳುತ್ತದೆ. ಅದೇ ಹೊತ್ತಿನ ಸಕ್ಕರೆ ಸಂಖ್ಯೆ ಜೊತೆಗಿಲ್ಲದಿದ್ದರೆ ಅದಕ್ಕೆ ಅರ್ಥವಿಲ್ಲ. ಎರಡಕ್ಕೂ ಒಂದೇ ಸಲ ರಕ್ತ ಕೊಡಿ. ಜಿಎಡಿ ಥರದ ಪ್ರತಿಕಾಯ ಪರೀಕ್ಷೆ ಟೈಪ್ 1 ಅನ್ನು ಬೇರೆ ಮಾಡುತ್ತದೆ. ಊಟದ ನಂತರ ಪ್ಯಾಂಕ್ರಿಯಾಟಿಕ್ ಪಾಲಿಪೆಪ್ಟೈಡ್ ಅನ್ನುವ ಹಾರ್ಮೋನ್ ಏರಬೇಕು. ಟೈಪ್ 3ಸಿಯಲ್ಲಿ ಅದು ಸರಿಯಾಗಿ ಏರುವುದಿಲ್ಲ. ಒಳ್ಳೆಯ ಸುಳಿವು, ಆದರೆ ಹೆಚ್ಚಿನ ಲ್ಯಾಬುಗಳಲ್ಲಿ ಸಿಗದ ಪರೀಕ್ಷೆ.

ಹಂತ 4: ಪೋಷಣೆಯ ಸಾಲುಗಳನ್ನು ಒಟ್ಟಿಗೆ ಓದಿ

ನನ್ನ ಅಭಿಪ್ರಾಯದಲ್ಲಿ ಜಾಸ್ತಿ ನಿರ್ಲಕ್ಷ್ಯಕ್ಕೆ ಒಳಗಾಗುವ ಹಂತ ಇದೇ. ಕೊಬ್ಬು ಜೀರ್ಣವಾಗದಿದ್ದರೆ ಕೊಬ್ಬಿನ ಜೊತೆ ಮೈ ಸೇರುವ ಎ, ಡಿ, ಇ, ಕೆ ವಿಟಮಿನ್‌ಗಳೂ ಹೊರಗೆ ಹೋಗುತ್ತವೆ. ಮೊದಲ ಸಲ ಎಲ್ಲವನ್ನೂ ನೋಡಿಸಿ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ.

ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಮ್ಮಿ ಇದ್ದರೆ ಕೊರತೆ. ವಿಟಮಿನ್ ಕೆ ಅನ್ನು ನೇರವಾಗಿ ಅಳೆಯುವುದು ಕಮ್ಮಿ. ರಕ್ತ ಹೆಪ್ಪುಗಟ್ಟುವ ಪಿಟಿ-ಐಎನ್‌ಆರ್ ಏರಿದೆಯಾ ಅಂತ ನೋಡುತ್ತಾರೆ. ವಸಡಿನಲ್ಲಿ ರಕ್ತ, ಸುಮ್ನೆ ತಾಗಿದರೂ ನೀಲಿಗಟ್ಟುವುದು ಇದ್ದರೆ ಆ ಸಂಖ್ಯೆ ಬೇಗ ಬೇಕು. ವಿಟಮಿನ್ ಇ ರಕ್ತದ ಕೊಬ್ಬಿನಲ್ಲೇ ಸಾಗುವುದರಿಂದ ಕೊಲೆಸ್ಟರಾಲ್ ಪಕ್ಕದಲ್ಲಿಟ್ಟು ಓದಬೇಕು. ವಿಟಮಿನ್ ಎ ಒಂದು ಪ್ರೊಟೀನಿನ ಬೆನ್ನೇರಿ ಓಡಾಡುತ್ತದೆ. ಪ್ರೊಟೀನ್ ಕಮ್ಮಿ ಇದ್ದರೆ ಅಥವಾ ಉರಿಯೂತ ಜೋರಾಗಿದ್ದರೆ ಕೊರತೆ ಇಲ್ಲದಿದ್ದರೂ ಸಂಖ್ಯೆ ಬೀಳುತ್ತದೆ. ಕತ್ತಲಾದ ಮೇಲೆ ಕಣ್ಣು ಮಂಜಾಗುತ್ತದೆ ಅನ್ನುವುದು ರಿಪೋರ್ಟಿಗಿಂತ ಮೊದಲೇ ಸಿಗುವ ಸುಳಿವು. ಅಣ್ಣ ಒಂದು ಸಂಜೆ ಮೆಟ್ಟಿಲ ಮೇಲೆ ಎಡವಿ 'ಬಲ್ಬ್ ಬದಲಾಯಿಸಿ ಮಾರಾಯ' ಅಂದ. ಬಲ್ಬ್ ಸರಿಯಾಗೇ ಇತ್ತು.

ಮೆಗ್ನೀಸಿಯಂ, ಸತು, ಬಿ12 ಮರೆಯಬೇಡಿ. ಜೀರ್ಣವಾಗದ ಕೊಬ್ಬಿನ ಆಮ್ಲಗಳು ಕರುಳಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಸೋಪು ಆಗುತ್ತವೆ. ಸೋಪು ಅಂದರೆ ನಿಜವಾದ ಸೋಪೇ, ರಸಾಯನಶಾಸ್ತ್ರದ ಲೆಕ್ಕದಲ್ಲಿ. ಇದರಿಂದ ಇನ್ನೊಂದು ತೊಂದರೆಯೂ ಹುಟ್ಟುತ್ತದೆ. ಕ್ಯಾಲ್ಸಿಯಂ ಹೀಗೆ ಸಿಕ್ಕಿಬಿದ್ದರೆ, ಅದು ಹಿಡಿದಿಟ್ಟುಕೊಳ್ಳಬೇಕಿದ್ದ ಆಕ್ಸಲೇಟ್ ಬಿಡುವಾಗಿ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಬರುತ್ತದೆ, ಅಲ್ಲಿ ಕಲ್ಲು ಕಟ್ಟುತ್ತದೆ. ಪ್ಯಾಂಕ್ರಿಯಾಸ್ ಕಾಯಿಲೆಯವರಿಗೆ ಕಿಡ್ನಿ ಕಲ್ಲು ಯಾಕೆ ಅನ್ನುವ ಪ್ರಶ್ನೆಗೆ ಇದೂ ಒಂದು ಉತ್ತರ. ಕಲ್ಲು ಬಂದಿದ್ದರೆ 24 ಗಂಟೆಯ ಮೂತ್ರದಲ್ಲಿ ಆಕ್ಸಲೇಟ್ ನೋಡಿಸುವ ವಿಷಯ ಡಾಕ್ಟರ್ ಕಿವಿಗೆ ಹಾಕಿ. ಬಿ12 ವಿಷಯದಲ್ಲಿ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಇನ್ನೂ ಎಚ್ಚರ, ಆ ಮಾತ್ರೆಯೂ ಬಿ12 ಇಳಿಸುತ್ತದೆ.

ರಕ್ತದ ಮುಖ್ಯ ಪ್ರೊಟೀನ್ ಆಲ್ಬುಮಿನ್ ಬಗ್ಗೆ ಒಂದು ಮಾತು. ಅದು ಕಮ್ಮಿ ಬಂದರೆ 'ಪ್ರೊಟೀನ್ ತಿನ್ನಿ' ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆಲ್ಬುಮಿನ್ನಿನ ಅರ್ಧಾಯುಷ್ಯ ಸುಮಾರು 20 ದಿನ, ಹಾಗಾಗಿ ಇವತ್ತಿನ ಕತೆ ಅದಕ್ಕೆ ಗೊತ್ತಿಲ್ಲ. ಪ್ರಿಆಲ್ಬುಮಿನ್ ಅನ್ನುವ ಇನ್ನೊಂದು ಪ್ರೊಟೀನಿಗೆ ಎರಡು ದಿನ, ಅದು ಬೇಗ ಅಲುಗಾಡುತ್ತದೆ. ಉರಿಯೂತ ಇದ್ದರೆ ಎರಡೂ ಬೀಳುತ್ತವೆ. ಅದಕ್ಕೇ ಅದೇ ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ನೋಡಿಸಿ. ಸಿಆರ್‌ಪಿ ಏರಿದ್ದರೆ ಆಲ್ಬುಮಿನ್ ಇಳಿದದ್ದಕ್ಕೆ ಊಟವನ್ನಷ್ಟೇ ದೂರಬೇಡಿ. ಆಲ್ಬುಮಿನ್ ಕಮ್ಮಿ ಇದ್ದಾಗ ಒಟ್ಟು ಕ್ಯಾಲ್ಸಿಯಂ ಕೂಡ ಸುಳ್ಳೇ ಕಮ್ಮಿ ಕಾಣುತ್ತದೆ. 4ರಿಂದ ಆಲ್ಬುಮಿನ್ ಕಳೆದು, ಬಂದದ್ದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಸೇರಿಸಿದರೆ ಅಂದಾಜು ಸಿಗುತ್ತದೆ (ಆಲ್ಬುಮಿನ್ ಡೆಸಿಲೀಟರಿಗೆ ಗ್ರಾಂನಲ್ಲಿ, ಕ್ಯಾಲ್ಸಿಯಂ ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಇದ್ದಾಗ).

ಮೂಳೆಗೆ ರಕ್ತ ಪರೀಕ್ಷೆ ಸಾಕಾಗುವುದಿಲ್ಲ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು. ಟಿ-ಸ್ಕೋರ್ ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗಲು ಶುರುವಾಗಿದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್. ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಈ ಕಾಯಿಲೆ ಇರುವ ಮೂವರಲ್ಲಿ ಇಬ್ಬರಿಗೆ ಇವೆರಡರಲ್ಲಿ ಒಂದು ಇತ್ತು. ವಯಸ್ಸಾದ ಹೆಂಗಸರ ಕಾಯಿಲೆ ಅಂತ ಅಂದುಕೊಂಡು ನಲವತ್ತರ ಗಂಡಸರು ಇದನ್ನು ಮಾಡಿಸುವುದೇ ಇಲ್ಲ. ಮುರಿದ ಮೇಲೆ ಮಾಡಿಸುತ್ತಾರೆ.

ಹಂತ 5: ಅಡ್ಡಿ ಮತ್ತು ನೀರುಗುಳ್ಳೆಯ ಸುಳಿವು

ಪಿತ್ತನಾಳ ಪ್ಯಾಂಕ್ರಿಯಾಸಿನ ತಲೆಯ ಭಾಗದಲ್ಲಿ ಹಾದುಹೋಗುತ್ತದೆ. ಗ್ರಂಥಿ ಗಟ್ಟಿಯಾದರೆ ನಾಳವನ್ನು ಹಿಸುಕುತ್ತದೆ. ಕಣ್ಣು ಹಳದಿಯಾಗುವುದಕ್ಕೆ ಮೊದಲೇ ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಅನ್ನುವ ಲಿವರ್ ಕಿಣ್ವಗಳು ರಕ್ತದಲ್ಲಿ ಏರಬಹುದು. ಆಲ್ಕಲೈನ್ ಫಾಸ್ಫಟೇಸ್ ಒಂದು ತಿಂಗಳಾದರೂ ಮಿತಿಯ ಎರಡು ಪಟ್ಟಿಗಿಂತ ಮೇಲೆಯೇ ನಿಂತಿದ್ದರೆ, ಕಣ್ಣಿಗೆ ಹಳದಿ ತರುವ ಬಿಲಿರುಬಿನ್ ನಾರ್ಮಲ್ ಇದ್ದರೂ ಬಿಡಬೇಡಿ, ಕೇಳಿ. ಮೂಳೆ ತೊಂದರೆಯಲ್ಲೂ ಈ ಕಿಣ್ವ ಏರುತ್ತದೆ. ಜಿಜಿಟಿಯೂ ಏರಿದ್ದರೆ ಬೆರಳು ಪಿತ್ತದ ಕಡೆ. ಮದ್ಯ ಕುಡಿಯುವವರಲ್ಲಿ ಜಿಜಿಟಿ ಬೇರೆ ಕಾರಣಕ್ಕೂ ಏರಿರುತ್ತದೆ, ಅದನ್ನು ಡಾಕ್ಟರ್ ಹತ್ತಿರ ಮುಚ್ಚಿಟ್ಟರೆ ನಷ್ಟ ನಮಗೇ.

ಲೈಪೇಸ್, ಅಮೈಲೇಸ್ ಹೊಸದಾಗಿ ಏರಿ, ವಾರಗಳಾದರೂ ಇಳಿಯದಿದ್ದರೆ ಸ್ಯೂಡೋಸಿಸ್ಟ್, ಅಂದರೆ ಗ್ರಂಥಿಯ ರಸ ತುಂಬಿದ ಗುಳ್ಳೆ ಇದೆಯಾ ಅಂತ ಸ್ಕ್ಯಾನ್ ಮಾಡುತ್ತಾರೆ. ಗುಳ್ಳೆಯಿಂದ ನೀರು ತೆಗೆದರೆ ಆ ನೀರೂ ಮಾತಾಡುತ್ತದೆ. ಅಮೈಲೇಸ್ ಲೀಟರಿಗೆ 250 ಯೂನಿಟ್‌ಗಿಂತ ಕಮ್ಮಿ ಇದ್ದರೆ ಅದು ಸ್ಯೂಡೋಸಿಸ್ಟ್ ಆಗಿರುವ ಸಾಧ್ಯತೆ ತೀರಾ ಕಮ್ಮಿ. ಗ್ಲೂಕೋಸ್ ಡೆಸಿಲೀಟರಿಗೆ 50 ಮಿಲಿಗ್ರಾಂಗಿಂತ ಕಮ್ಮಿ, ಸಿಇಎ ಅನ್ನುವ ಪ್ರೊಟೀನ್ ಮಿಲಿಲೀಟರಿಗೆ 192 ನ್ಯಾನೋಗ್ರಾಂಗಿಂತ ಜಾಸ್ತಿ ಇದ್ದರೆ ಲೋಳೆ ಮಾಡುವ ಬೇರೆ ಜಾತಿಯ ಗುಳ್ಳೆಯ ಅನುಮಾನ, ಅದಕ್ಕೆ ದಾರಿಯೇ ಬೇರೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಆ ನೀರಿನಲ್ಲಿ ಅಮೈಲೇಸ್ ಸಾವಿರ ದಾಟಿದ್ದರೆ ಗ್ರಂಥಿಯ ನಾಳವೇ ಸೋರುತ್ತಿದೆ ಅಂತ ತಿಳಿಯುತ್ತಾರೆ.

ಹಂತ 6: ಕ್ಯಾನ್ಸರ್ ಗುರುತುಗಳನ್ನು ತಣ್ಣಗೆ ಓದಿ

ಸಿಎ 19-9, ಅಂದರೆ ಪ್ಯಾಂಕ್ರಿಯಾಸ್ ಕ್ಯಾನ್ಸರಿನ ಗುರುತು ಅಂತ ರಕ್ತದಲ್ಲಿ ಅಳೆಯುವ ವಸ್ತು, ಅದರ ಹೆಸರು ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತದೆ. ಮಿತಿ 37. ಆದರೆ ಪಿತ್ತ ಕಟ್ಟಿಕೊಂಡರೂ ಇದು ಏರುತ್ತದೆ, ಕ್ಯಾನ್ಸರ್ ಇಲ್ಲದಿದ್ದರೂ. ಅಡ್ಡಿ ತೆಗೆದು ಬಿಲಿರುಬಿನ್ ಇಳಿದ ಮೇಲೆ ಮತ್ತೆ ನೋಡಿದರೆ ಬಂದ ಸಂಖ್ಯೆಗೆ ಬೆಲೆ. ಇನ್ನೊಂದು ಕಡೆ, ನೂರಕ್ಕೆ ಸುಮಾರು ಐದರಿಂದ ಹತ್ತು ಜನರ ಮೈ ಹುಟ್ಟಿನಿಂದಲೇ ಈ ವಸ್ತುವನ್ನು ಮಾಡುವುದಿಲ್ಲ, ಅವರಲ್ಲಿ ಕ್ಯಾನ್ಸರ್ ಇದ್ದರೂ ಸಂಖ್ಯೆ ಏರುವುದಿಲ್ಲ. ಹಾಗಾಗಿ ಸುಮ್ನೆ ಸಮಾಧಾನಕ್ಕೆ ಅಂತ ಮಾಡಿಸುವ ಪರೀಕ್ಷೆ ಇದಲ್ಲ.

ಚಯಾಪಚಯದ ಗುರುತುಗಳು, ಅಂದರೆ ಮೈ ಆಹಾರವನ್ನು ಒಡೆದು ಕಟ್ಟುವಾಗ ರಕ್ತದಲ್ಲಿ ಓಡಾಡುವ ಸಣ್ಣ ಅಣುಗಳ ಮೇಲೆ ಈಗ ಜಾಸ್ತಿ ಕೆಲಸ ನಡೆಯುತ್ತಿದೆ. 2014ರಲ್ಲಿ ಬಂದ ಒಂದು ಅಧ್ಯಯನ ಕುತೂಹಲದ್ದು. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಆದವರ ಹಳೆಯ ರಕ್ತವನ್ನು ಪರೀಕ್ಷಿಸಿದಾಗ, ಕಾಯಿಲೆ ಗೊತ್ತಾಗುವ ಎರಡರಿಂದ ಐದು ವರ್ಷ ಮೊದಲೇ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನುವ ಅಮೈನೊ ಆಮ್ಲಗಳು ಏರಿದ್ದವು. ಸ್ನಾಯುವಿನ ಪ್ರೊಟೀನ್ ಕರಗುತ್ತಿದ್ದದ್ದರ ಗುರುತು ಅದು. 2018ರಲ್ಲಿ ಇನ್ನೊಂದು ತಂಡ ಒಂಬತ್ತು ಅಣುಗಳನ್ನು ಸಿಎ 19-9 ಜೊತೆ ಸೇರಿಸಿ, ಕ್ಯಾನ್ಸರನ್ನು ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಿಂದ ಬೇರೆ ಮಾಡಲು ನೋಡಿತು. ಸಿಎ 19-9 ಒಂದೇ ಇದ್ದಾಗಿಗಿಂತ ಚೆನ್ನಾಗಿ ಬೇರೆ ಮಾಡಿತು. ಆದರೆ ಅಮೈನೊ ಆಮ್ಲಗಳನ್ನು ಅಳೆಸಿಕೊಂಡು ಬಂದು 'ವ್ಯಾಲಿನ್ ಜಾಸ್ತಿ ಇದೆ, ಏನು ಮಾಡಲಿ' ಅಂತ ಕೂರಬೇಡಿ. ಬೊಜ್ಜು, ಟೈಪ್ 2 ಡಯಾಬಿಟಿಸ್ ಇದ್ದರೂ ಅವು ಏರುತ್ತವೆ.

ಸದ್ಯಕ್ಕೆ ಮನೆಯಲ್ಲೇ ಗಮನಿಸಬಹುದಾದ ದೊಡ್ಡ ಸುಳಿವು ಇದು: ಸಕ್ಕರೆ ಹೊಸದಾಗಿ ಬಂದಿದೆ ಅಥವಾ ಹಿಡಿತದಲ್ಲಿದ್ದದ್ದು ಕೈತಪ್ಪಿದೆ, ಜೊತೆಗೆ ತೂಕ ಇಳಿಯುತ್ತಿದೆ. ಎರಡೂ ಒಟ್ಟಿಗೆ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಸ್ಕ್ಯಾನ್ ಬೇಕಾ ಅಂತ ಕೇಳಿ.

ಹಂತ 7: ರಕ್ತ ಕೊಡುವ ಹಿಂದಿನ ದಿನ

ಇದು ಬೇಗ ಮುಗಿಯುವ ಹಂತ. ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಲ್ಯಾಬಿಗೆ ಹೇಳಿ. ಜಾಸ್ತಿ ಪ್ರಮಾಣದ ಬಯೋಟಿನ್ ಕೆಲವು ಹಾರ್ಮೋನ್, ವಿಟಮಿನ್ ಪರೀಕ್ಷೆಗಳನ್ನು ಸುಳ್ಳು ಮಾಡುತ್ತದೆ. ಎಷ್ಟು ದಿನ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ಟ್ರೈಗ್ಲಿಸರೈಡ್ ನೋಡಿಸುವುದಿದ್ದರೆ ಖಾಲಿ ಹೊಟ್ಟೆಯೇ ಒಳ್ಳೆಯದು. ಅದು 1000 ದಾಟಿದರೆ ಅದೇ ಪ್ಯಾಂಕ್ರಿಯಾಟೈಟಿಸ್ ಎಬ್ಬಿಸಬಹುದು. ಅಂಥ ರಕ್ತ ಹಾಲಿನ ಥರ ಬಿಳಿಚಿರುತ್ತದೆ, ಅಮೈಲೇಸ್ ಪರೀಕ್ಷೆಯನ್ನೂ ದಾರಿ ತಪ್ಪಿಸಿ ಏರಿದ್ದನ್ನು ನಾರ್ಮಲ್ ಅಂತ ತೋರಿಸಬಹುದು.

ಆದಷ್ಟೂ ಒಂದೇ ಲ್ಯಾಬಿಗೆ ಹೋಗಿ. ಬೇರೆ ಲ್ಯಾಬಾದರೆ ಅಳತೆಯ ಏಕಮಾನ ನೋಡಿ. ವಿಟಮಿನ್ ಡಿ 50 ಅಂತ ಇದ್ದು ಏಕಮಾನ ನ್ಯಾನೋಮೋಲ್ ಆಗಿದ್ದರೆ, ಅದು ನ್ಯಾನೋಗ್ರಾಂ ಲೆಕ್ಕದಲ್ಲಿ ಬರೀ 20. ಒಂದು ಸಲ ನಾನು ಇದೇ ತಪ್ಪು ಮಾಡಿ ಮನೆಯವರಿಗೆಲ್ಲ 'ಡಿ ಡಬಲ್ ಆಗಿದೆ' ಅಂತ ಖುಷಿಯಿಂದ ಹೇಳಿದ್ದೆ.

ಹಂತ 8: ಎಲ್ಲ ಒಂದೇ ಹಾಳೆಯಲ್ಲಿ

ರಿಪೋರ್ಟುಗಳನ್ನು ಫೈಲಿನಲ್ಲಿ ತುರುಕುವುದು ಸಾಕಾಗುವುದಿಲ್ಲ. ಒಂದು ಹಾಳೆಯ ಎಡಗಡೆ ಪರೀಕ್ಷೆಗಳ ಹೆಸರು, ಮೇಲೆ ತಾರೀಕುಗಳನ್ನು ಬರೆಯಿರಿ. ಮೊದಲ ಸಾಲು ತೂಕ. ಅದು ಯಾವ ಲ್ಯಾಬೂ ಕೊಡದ, ಆದರೆ ಎಲ್ಲಕ್ಕಿಂತ ಮೊದಲು ಅಲುಗಾಡುವ ಸಂಖ್ಯೆ. ಮಿತಿಯೊಳಗೇ ಇದ್ದರೂ ಒಂದೇ ದಿಕ್ಕಿಗೆ ಜಾರುತ್ತಿರುವ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅಣ್ಣನ ಹಾಳೆಯಲ್ಲಿ ಎಚ್‌ಬಿಎ1ಸಿ 5.3, 5.5, 5.6 ಅಂತ ಮೂರು ವರ್ಷ ಸಾಗಿತ್ತು. ಒಂದೊಂದೂ ನಾರ್ಮಲ್. ಮೂರನ್ನೂ ಒಟ್ಟಿಗೆ ನೋಡಿದ ಡಾಕ್ಟರ್ ಮಾತ್ರ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಬರೆದರು. ಎರಡು ಗಂಟೆಯ ಸಂಖ್ಯೆ 170 ಬಂತು. 140ರಿಂದ 199ರ ನಡುವೆ ಇದ್ದರೆ ಅದು ಅಂಚು.

ಕಿಣ್ವದ ಮಾತ್ರೆ ಶುರುವಾದ ದಿನವನ್ನೂ ಹಾಳೆಯಲ್ಲಿ ಗುರುತು ಮಾಡಿ. ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು, ಊಟವಾಗಿ ಒಂದು ಗಂಟೆ ಬಿಟ್ಟಲ್ಲ. ಕೆಲಸ ಮಾಡುತ್ತಿದ್ದರೆ ತೂಕ, ವಿಟಮಿನ್‌ಗಳು, ಪ್ರಿಆಲ್ಬುಮಿನ್ ತಿಂಗಳುಗಳಲ್ಲಿ ಮೇಲೇಳುತ್ತವೆ. ಏಳದಿದ್ದರೆ ಡಾಕ್ಟರ್ ಪ್ರಮಾಣ ನೋಡುತ್ತಾರೆ, ಹೊಟ್ಟೆಯ ಆಮ್ಲ ಮಾತ್ರೆಯನ್ನು ಕೆಡಿಸುತ್ತಿದೆಯಾ ಅಂತ ನೋಡುತ್ತಾರೆ.

ಹಾಳೆಗೆ ಕಾಯದೆ ಹೊರಡಬೇಕಾದ ಸಂದರ್ಭಗಳೂ ಇವೆ. ಜ್ವರದ ಜೊತೆ ಕಣ್ಣು ಹಳದಿಯಾಗುವುದು, ರಕ್ತದ ವಾಂತಿ, ಕಪ್ಪು ಡಾಂಬರಿನಂಥ ಮಲ, ನಿಲ್ಲದ ವಾಂತಿ, ಬೆನ್ನಿಗೆ ಹೊಡೆಯುವ ಹೊಸ ಜೋರು ನೋವು, ಸಕ್ಕರೆ ಇಳಿದು ಮಾತು ತೊದಲುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ಲ್ಯಾಬಿಗಲ್ಲ, ನೇರ ತುರ್ತು ಚಿಕಿತ್ಸೆಗೆ. ಹೊರಡುವಾಗ ಆ ಒಂದು ಹಾಳೆ ಮಾತ್ರ ಜೇಬಿಗೆ ಹಾಕಿಕೊಳ್ಳಿ, ಫೈಲ್ ಆಮೇಲೆ ಯಾರಾದರೂ ತರುತ್ತಾರೆ.